ಅಂಗಿ ತೂಗುಹಾಕಿದ ಕಂಬ

ನಾಲ್ಕನೇ ತಾರೀಕು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಸಮುದ್ರತೀರದ ಆರೋಗ್ಯಾಧಿಕಾರಿ ಠಾಣೆಯ ಮೆಟ್ಟಿಲು ಹತ್ತುತ್ತಿದ್ದರು. ಅವರ ಕಂಕುಳಲ್ಲಿದ್ದ ನೀಲಿ ಫೈಲನ್ನು ಕಿಟಕಿಯಿಂದಲೇ ಗುರುತು ಹಿಡಿದ ಇನ್‌ಸ್ಪೆಕ್ಟರ್ ಚಹಾದ ಲೋಟ ಕೆಳಗಿಟ್ಟು ಕಣ್ಣು ಮುಚ್ಚಿಕೊಂಡರು. ಕಣ್ಣು ಮುಚ್ಚಿ ಹತ್ತು ಎಣಿಸಿದರೆ ಎದುರಿಗಿದ್ದ ರಾಕ್ಷಸ ಮಾಯವಾಗುತ್ತಾನೆ ಎಂಬ ಉಪಾಯ ಚಿಕ್ಕಂದಿನ ಕತೆಗಳಲ್ಲಿ ಚೆನ್ನಾಗಿ ನಡೆಯುತ್ತಿತ್ತು. ಆಕೆ ಹತ್ತು ಎಣಿಸಿದರು. ಕಣ್ಣು ಬಿಟ್ಟರೆ ಆರೋಗ್ಯಾಧಿಕಾರಿ ಎದುರಿನ ಕುರ್ಚಿಯಲ್ಲಿ ಕೂತು ಕತ್ತು ಒರೆಸಿಕೊಳ್ಳುತ್ತಿದ್ದರು.

“ಮತ್ತೆ ಬೋರ್ಡಾ?”

“ಮತ್ತೆ ಬೋರ್ಡೇ ಮೇಡಂ. ಅಳಿವೆ ಹತ್ರದ್ದು. ಇದು ಮೂರನೇದು.”

ಹೊಳೆ ಬಂದು ಸಮುದ್ರಕ್ಕೆ ಸೇರುವ ಅಳಿವೆಯ ದಂಡೆಯಲ್ಲಿ ಆ ಬೋರ್ಡು ಇತ್ತು. ಮೈಮೇಲೆ ಗಾಯವಿದ್ದವರು ನೀರಿಗಿಳಿಯಬಾರದು, ನೀರಿನಲ್ಲಿ ಅಪರೂಪದ ಒಂದು ರೋಗಾಣು ಇದೆ ಎಂಬ ಎಚ್ಚರಿಕೆ. ಎರಡು ತಿಂಗಳಲ್ಲಿ ಅದು ಎರಡು ಸಲ ಕಳುವಾಗಿತ್ತು. ಎರಡು ಸಲವೂ ಇನ್‌ಸ್ಪೆಕ್ಟರ್ ದೂರಿಗೆ ಒಂದು ಸ್ವೀಕೃತಿ ಕೊಟ್ಟು ಕಳಿಸಿದ್ದರು. ಠಾಣೆಯಲ್ಲಿ ಆಗ ಮೂರು ಮನೆಗಳ್ಳತನ, ಒಂದು ಕಾಣೆಯಾದ ಹುಡುಗಿ, ಇನ್ನೇನೇನೋ ಇದ್ದವು. ತಗಡಿನ ಬೋರ್ಡಿಗೆ ಯಾರು ಎಫ್‌ಐಆರ್ ಬರೆಯುತ್ತಾರೆ?

“ಬೋಲ್ಟಿಗೆ ವೆಲ್ಡಿಂಗ್ ಹೊಡೆಸಿ ಅಂತ ಹೋದ ಸಲವೇ ಹೇಳಿದ್ದೆ.”

“ಬರೆದ್ವಿ ಮೇಡಂ, ಕಾಮಗಾರಿಯವರಿಗೆ. ವೆಲ್ಡಿಂಗು ಸುರಕ್ಷತೆಯವರ ಕೆಳಗೆ ಬರುತ್ತಂತೆ.”

“ಸುರಕ್ಷತೆಯವರು?”

“ಬೋರ್ಡು ಆರೋಗ್ಯದ್ದು, ನೀವೇ ನೋಡ್ಕೊಳ್ಳಿ ಅಂದ್ರು.”

“ಯಾವಾಗ ಹೋಯ್ತು?”

“ಹೋದ ಬುಧವಾರ ಬೆಳಿಗ್ಗೆ ನೋಡಿದ್ರೆ ಇರಲಿಲ್ಲ.”

“ಇವತ್ತು ಸೋಮವಾರ.”

“ದೂರಿನ ಕರಡು ಮೇಲಿನವರ ಸಹಿಗೆ ಹೋಗಿತ್ತು ಮೇಡಂ.”

ಹೆಡ್ ಕಾನ್‌ಸ್ಟೆಬಲ್ ಮೂಲೆಯ ಮೇಜಿನಿಂದ ತಲೆ ಎತ್ತಿದ. ಠಾಣೆಯಲ್ಲಿ ಅವನನ್ನು ಎಲ್ಲರೂ ಕರೆಯುವುದು ಶಾಸನ ಎಂದು. ಕಲ್ಲಿನಲ್ಲಿ ಕೆತ್ತಿದ ಹಾಗೆ ಅಕ್ಷರ ಒತ್ತಿ ಬರೆಯುತ್ತಾನೆ, ಒಂದು ಪಂಚನಾಮೆಗೆ ಎಂಟು ಹಾಳೆ ತೆಗೆದುಕೊಳ್ಳುತ್ತಾನೆ. “ಹೊಸ ಬೋರ್ಡು ಯಾವಾಗ ಹಾಕ್ತೀರಿ ಸಾರ್?” ಎಂದು ಕೇಳಿದ.

“ಮಾಡಿಸಿದ್ದು ಮೂರೇ. ಮೂರೂ ಹೋಯ್ತು. ಇನ್ನು ಅನುಮತಿ, ಅಚ್ಚು, ಎಲ್ಲ ಸೇರಿ ಮೂರು ವಾರ.”

“ಗುರುವಾರದಿಂದ ನಾಲ್ಕು ದಿನ ರಜೆ. ಊರೆಲ್ಲ ನೀರಲ್ಲಿರುತ್ತೆ,” ಎಂದರು ಇನ್‌ಸ್ಪೆಕ್ಟರ್.

“ಅದಕ್ಕೇ ಮೇಡಂ, ಕಳ್ಳನ್ನ ಬೇಗ ಹಿಡೀರಿ.”

ಅವರು ಹೋದಮೇಲೆ ಇನ್‌ಸ್ಪೆಕ್ಟರ್ ಚಹಾ ಕುಡಿದರು. ಆರಿತ್ತು. ಮೂರನೇ ಸ್ವೀಕೃತಿ ಬರೆಯಲು ಶಾಸನ ಪುಸ್ತಕ ತೆರೆದ. “ಇರಲಿ, ಆಮೇಲೆ,” ಎಂದರು.

ಆಮೇಲೆ ಎಂಬುದು ಹನ್ನೆರಡು ನಲವತ್ತಕ್ಕೆ ಬಂತು. ಆಸ್ಪತ್ರೆಯಿಂದ ಫೋನು: ಪ್ರವಾಸಕ್ಕೆ ಬಂದ ಐವತ್ತೆರಡು ವರ್ಷದ ಬಸ್ ಚಾಲಕ, ಕಾಲಿಗೆ ತೀವ್ರ ಸೋಂಕು, ಸ್ಥಿತಿ ಗಂಭೀರ. ಜೊತೆಯಲ್ಲಿರುವವರು ವಿಷಪ್ರಾಶನ ಎಂದು ಗಲಾಟೆ ಮಾಡುತ್ತಿದ್ದಾರೆ, ಪೊಲೀಸರು ಬರಬೇಕು.

ಆಸ್ಪತ್ರೆಯ ಎರಡನೇ ಮಹಡಿಯ ಪಡಸಾಲೆಯಲ್ಲಿ ಚಾಲಕನ ಭಾವಮೈದುನ ತೋಳು ಮಡಚಿ ನಿಂತಿದ್ದ.

“ಬರ್ಕೊಳ್ಳಿ ಮೇಡಂ. ವಿಷ. ನಮ್ ಭಾವನಿಗೆ ಲಾಡ್ಜಿನವರು ವಿಷ ಹಾಕಿದಾರೆ.”

“ಯಾಕೆ ಹಾಕ್ತಾರೆ?”

“ಬಿಸಿನೀರು ಬರಲಿಲ್ಲ ಅಂತ ನಾನು ಜಗಳ ಆಡಿದ್ದೆ.”

“ಜಗಳ ಆಡಿದ್ದು ನೀವು. ವಿಷ ನಿಮ್ ಭಾವನಿಗೆ.”

“ಆಳು ತಪ್ಪಿರಬಹುದು ಮೇಡಂ.”

“ವಿಷ ತಿಂದ್ರೆ ಹೊಟ್ಟೆ ಕೆಡುತ್ತಪ್ಪ, ಹಿಮ್ಮಡಿ ಕೆಡಲ್ಲ,” ಎಂದ ಶಾಸನ. ಭಾವಮೈದುನ ಅವನನ್ನು ತಿನ್ನುವ ಹಾಗೆ ನೋಡಿದ.

ವೈದ್ಯೆಗೆ ಮೂವತ್ತು ದಾಟಿರಲಿಲ್ಲ, ಆದರೆ ಕಣ್ಣಿಗೆ ಅರವತ್ತಾಗಿತ್ತು. ನಿಂತಲ್ಲೇ ಹೇಳಿದಳು.

“ಸಮುದ್ರದ ನೀರಿನ ಬ್ಯಾಕ್ಟೀರಿಯಾ. ನೀರು ಬೆಚ್ಚಗಿದ್ದು, ಸಿಹಿನೀರು ಉಪ್ಪುನೀರು ಬೆರೆಯೋ ಕಡೆ ಜಾಸ್ತಿ. ಒಂದು ಸಣ್ಣ ಗಾಯ ಸಾಕು, ಒಳಗೆ ಹೋಗುತ್ತೆ.”

“ಎಲ್ಲರಿಗೂ ಬರುತ್ತಾ?”

“ಇಲ್ಲ, ತೀರಾ ಅಪರೂಪ. ಸಾವಿರಾರು ಜನ ಇಳೀತಾರೆ, ಏನೂ ಆಗಲ್ಲ. ಲಿವರ್ ಕೆಟ್ಟಿರೋರಿಗೆ, ಸಕ್ಕರೆ ಕಾಯಿಲೆಯವರಿಗೆ ಹಿಡಿದ್ರೆ ಬಿಡಲ್ಲ. ಇವರಿಗೆ ಸಕ್ಕರೆ ಇದೆ. ಹೊಸ ಬೂಟು ಕಚ್ಚಿ ಹಿಮ್ಮಡಿ ಸುಲಿದಿತ್ತು.”

“ಔಷಧಿ?”

“ಇದೆ. ಗಂಟೆ ಲೆಕ್ಕದಲ್ಲಿ ಕೊಡಬೇಕು. ಶನಿವಾರ ರಾತ್ರಿಯೇ ಜ್ವರ ಬಂದು ಕಾಲು ಊದಿದೆ. ಬೆಳಗಾಗಲಿ ಅಂತ ಕಾದಿದಾರೆ. ಬೆಳಗಾದ ಮೇಲೆ ಆ ಪುಣ್ಯಾತ್ಮ ಲಾಡ್ಜಿನವರ ಜೊತೆ ಜಗಳಕ್ಕೆ ನಿಂತಿದಾನೆ. ಇಲ್ಲಿಗೆ ಬಂದದ್ದು ಭಾನುವಾರ ಮಧ್ಯಾಹ್ನ ಎರಡಕ್ಕೆ. ಚರ್ಮದ ಮೇಲೆ ಕಪ್ಪು ಬೊಬ್ಬೆ.” ಆಕೆ ಕೈಗವಸು ಕಿತ್ತು ಬುಟ್ಟಿಗೆಸೆದಳು. “ಹೋದ ವರ್ಷವೂ ಒಂದು ಬಂದಿತ್ತು, ಉಳೀಲಿಲ್ಲ. ಅದಾದಮೇಲೆ ಅಳಿವೆ ಹತ್ರ ಬೋರ್ಡು ಹಾಕಿದ್ರಲ್ಲ, ಅದೇನಾಯ್ತು ಮೇಡಂ?”

ಇನ್‌ಸ್ಪೆಕ್ಟರ್ ಗೋಡೆಯ ಗಡಿಯಾರ ನೋಡಿದರು. ಒಂದೂ ಹದಿನೈದು.

ಚಾಲಕನ ಹೆಂಡತಿ ಬೆಂಚಿನ ತುದಿಯಲ್ಲಿ, ಮಡಿಲಲ್ಲಿ ಒಂದು ಜೊತೆ ಹೊಸ ಬೂಟು ಇಟ್ಟುಕೊಂಡು ಕೂತಿದ್ದಳು. ಹನ್ನೊಂದು ವರ್ಷದಲ್ಲಿ ಮೊದಲ ರಜೆ. ಊರಿನವರನ್ನೆಲ್ಲ ಸಮುದ್ರಕ್ಕೆ ಕರೆತಂದು ಬಿಟ್ಟು, ತಾನು ಬಸ್ಸಿನಲ್ಲೇ ಮಲಗಿ ವಾಪಸಾಗುತ್ತಿದ್ದ ಮನುಷ್ಯ ಈ ಸಲ ತಾನೇ ಪ್ರಯಾಣಿಕನಾಗಿ ಬಂದಿದ್ದ.

“ನೀರಿಗಿಳಿಯೋ ಮೊದಲು ಅಲ್ಲಿ ಬೋರ್ಡು ನೋಡಿದ್ರಾ?”

“ನೋಡಿದ್ವಿ. ನಮ್ಮನೆಯವರು ಡ್ರೈವರಲ್ವಾ, ಬೋರ್ಡು ಓದದೆ ಒಂದು ಹೆಜ್ಜೆ ಮುಂದಿಡಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದು ಆಕ್ಸಿಡೆಂಟಿಲ್ಲ. ನಾಯಿ ತರಬೇಡಿ ಅಂತ ಒಂದು ಬೋರ್ಡಿತ್ತು, ಗಾಜಿನ ಬಾಟ್ಲಿ ತರಬೇಡಿ ಅಂತ ಇನ್ನೊಂದು. ನಮ್ಹತ್ರ ನಾಯೀನೂ ಇಲ್ಲ, ಬಾಟ್ಲೀನೂ ಇಲ್ಲ, ನಡಿ ಅಂದ್ರು.”

“ಮೂರನೇದು?”

“ಮೂರನೇದು ಬರೀ ಕಂಬ. ಬೋಲ್ಟು ಚಾಚ್ಕೊಂಡಿತ್ತು. ಅಂಗಿ ಅದಕ್ಕೇ ತೂಗುಹಾಕಿ ಇಳಿದ್ರು.”

ಶಾಸನನ ಪೆನ್ನು ನಿಂತಿತು.

“ಯಾವ ಕಾಲು?” ಇನ್‌ಸ್ಪೆಕ್ಟರ್ ಮೆಲ್ಲಗೆ ಕೇಳಿದರು.

“ಬಲಗಾಲು. ಬ್ರೇಕಿನ ಕಾಲು ಮೇಡಂ. ತೆಗೀಬೇಕಾಗಬಹುದು ಅಂತಿದಾರೆ.”

ಮಧ್ಯಾಹ್ನ ಎರಡೂ ಐದಕ್ಕೆ ಎಫ್‌ಐಆರ್ ದಾಖಲಾಯಿತು. ಸಾರ್ವಜನಿಕ ಎಚ್ಚರಿಕೆ ಫಲಕದ ಕಳವು, ಜೀವಕ್ಕೆ ಅಪಾಯ ತಂದ ಕೃತ್ಯ. ಈ ಸಲ ಸ್ವೀಕೃತಿ ಅಲ್ಲ.

ಮೂರೂಕಾಲಿಗೆ ಅಳಿವೆಯಲ್ಲಿ ಸ್ಥಳ ಪಂಚನಾಮೆ. ಪಂಚರಾಗಿ ಕುರ್ಚಿ ಬಾಡಿಗೆಗೆ ಕೊಡುವವನು, ಜೀವರಕ್ಷಕ ಇಬ್ಬರನ್ನು ಕರೆದರು. ಮರಳು ಕಾದ ಬಾಣಲೆಯಂತಿತ್ತು. ನೀರು ಮಾತ್ರ ಏನೂ ಅರಿಯದ ಮಗುವಿನ ಹಾಗೆ ಬಂದು ಬಂದು ಕಾಲು ಮುಟ್ಟಿ ಹೋಗುತ್ತಿತ್ತು. ಇನ್‌ಸ್ಪೆಕ್ಟರ್ ಎರಡು ಹೆಜ್ಜೆ ಹಿಂದೆ ಸರಿದರು.

“ಸದರಿ ಕಂಬಗಳು ಎರಡು,” ಶಾಸನ ಬಾಯಿಬಿಟ್ಟು ಹೇಳುತ್ತಲೇ ಬರೆಯುತ್ತಿದ್ದ. “ಸದರಿ ಕಂಬಗಳ ನಡುವೆ ಸದರಿ ಬೋರ್ಡು ಇರುವುದಿಲ್ಲ.”

“ಇಲ್ಲದ್ದಕ್ಕೂ ಸದರಿ ಹಚ್ಚಬೇಡ್ರಿ ಮಾರಾಯ್ರೆ!”

ಮಹಿಳಾ ಕಾನ್‌ಸ್ಟೆಬಲ್ ಕಂಬದ ತಲೆಯ ಹತ್ತಿರ ಇಣುಕುತ್ತಿದ್ದಳು. ಉದ್ದ ಕಾಲು, ಉದ್ದ ಕತ್ತು. ಎಲ್ಲರ ಬಾಯಲ್ಲೂ ಕೊಕ್ಕರೆ.

“ಮೇಡಂ, ನಟ್ಟು ವಾಪಸ್ ಹಾಕಿದಾರೆ.”

“ಅಂದ್ರೆ?”

“ನಾಲ್ಕು ಬೋಲ್ಟು. ನಾಲ್ಕೂ ಅದರದರ ತೂತಲ್ಲೇ ಇದೆ. ವಾಷರ್ ಹಾಕಿ, ಮೇಲೆ ನಟ್ಟು ಎರಡು ಸುತ್ತು ತಿರುವಿಟ್ಟಿದಾರೆ. ಒಂದೂ ಕಳೆದಿಲ್ಲ.”

ಗುಜರಿಗೆ ಮಾರುವವನು ಬೋಲ್ಟನ್ನೂ ಒಯ್ಯುತ್ತಾನೆ. ಕುಡಿದ ಪುಂಡರು ಕಂಬವನ್ನೇ ಬಗ್ಗಿಸುತ್ತಾರೆ. ಇದ್ಯಾರು, ಕದ್ದ ಮೇಲೆ ಮನೆ ಗುಡಿಸಿ ಹೋದ ಹಾಗೆ ಹೋದವರು? ಅದೇ ತಗಡಿನ ನಾಯಿ ಬೋರ್ಡು, ಬಾಟಲಿ ಬೋರ್ಡು ಎರಡೂ ಗಟ್ಟಿಯಾಗಿ ನಿಂತಿದ್ದವು.

“ಇದೇನಿದು?” ಕೊಕ್ಕರೆ ಕಂಬದ ನಡುವಿಂದ ಒಂದು ಕಪ್ಪು ಪಟ್ಟಿ ಬಿಡಿಸಿದಳು. ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಬಿಗಿದಿದ್ದ ರಬ್ಬರು. ಗಂಟು ಹಾಗೇ ಇತ್ತು, ಯಾರೋ ಚಾಕುವಿನಿಂದ ಮಧ್ಯಕ್ಕೆ ಕೊಯ್ದಿದ್ದರು.

ಕುರ್ಚಿಯವನು ಹೇಳಿದ, “ಅದು ಕೈಬರಹದ ಬೋರ್ಡಿಗೆ ಕಟ್ಟಿದ್ದು ಮೇಡಂ.”

“ಯಾವ ಕೈಬರಹದ ಬೋರ್ಡು?”

“ತಗಡಿನದು ಹೋದ ಬೆಳಿಗ್ಗೆಯೇ ಒಂದು ಹಲಗೆ ಬೋರ್ಡು ಬಂದಿತ್ತಲ್ಲ. ಬುಧವಾರ, ಗುರುವಾರ ಎರಡು ದಿನ ಇತ್ತು. ಶುಕ್ರವಾರ ಕೊಯ್ದುಕೊಂಡು ಹೋದ್ರು.”

“ಯಾರು?”

“ಆಫೀಸಿನವರೇ. ನಿಮಗೆ ದೂರು ಕೊಟ್ಟವರು.”

ಇನ್‌ಸ್ಪೆಕ್ಟರ್ ಆರೋಗ್ಯಾಧಿಕಾರಿಗೆ ಫೋನು ಮಾಡಿದರು. ಸಾಹೇಬರು ಕ್ಷೇತ್ರ ಭೇಟಿಯಲ್ಲಿದ್ದಾರೆ ಎಂದು ಉತ್ತರ ಬಂತು. “ಕ್ಷೇತ್ರ ಇದೇ ಅಲ್ವೇನ್ರೀ? ನಾನು ಇಲ್ಲೇ ನಿಂತಿದೀನಿ!” ಎಂದರು. ಆ ಕಡೆ ಫೋನು ಕಟ್ಟಾಗಿತ್ತು.

“ತಗಡಿನ ಬೋರ್ಡಲ್ಲಿ ಏನಿತ್ತು?”

ಕುರ್ಚಿಯವನು ಮುಖ ಸಿಂಡರಿಸಿದ. “ಒಂದು ಕಾಲಿನ ಫೋಟೊ. ಕೊಳೆತದ್ದು. ಹುಡುಗ ಹುಡುಗೀರು ಬಂದು ಅದರ ಪಕ್ಕ ತಮ್ಮ ಕಾಲು ಎತ್ತಿಟ್ಟು ಫೋಟೊ ತೆಗೆಸ್ಕೊಳ್ಳೋರು. ನಂದು ಚಂದನಾ, ಇದು ಚಂದನಾ ಅಂತ. ಓದಿದವರು ಕಮ್ಮಿ ಬಿಡಿ.”

ಮಂಗಳವಾರ, ಐದನೇ ತಾರೀಕು. ಬೆಳಿಗ್ಗೆ ಏಳು ಐವತ್ತಕ್ಕೆ ಆಸ್ಪತ್ರೆಯಿಂದ ಸುದ್ದಿ: ಚಾಲಕನ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದಾರೆ. ಜೀವಕ್ಕೆ ಭಯವಿಲ್ಲ.

ಒಂಬತ್ತೂವರೆಗೆ ಎರಡು ಗುಜರಿ ಅಂಗಡಿ ತಡಕಿದರು, ಬೋರ್ಡು ಇರಲಿಲ್ಲ. ಹತ್ತೂವರೆಗೆ ಲಾಡ್ಜಿನ ಮಾಲೀಕ. ಬೋರ್ಡಿನಿಂದ ಗಿರಾಕಿ ಹೆದರುತ್ತಾರೆ ಎಂದು ಅವನು ಹಿಂದೆ ಕೂಗಾಡಿದ್ದು ಊರಿಗೇ ಗೊತ್ತಿತ್ತು.

“ಬೋರ್ಡು ನೀವು ತೆಗೆಸಿದ್ರಾ?”

“ನಾನ್ಯಾಕೆ ತೆಗೆಸಲಿ ಮೇಡಂ? ಈಗ ಅದನ್ನ ನೋಡಿ ಹೆದರಿದವರೆಲ್ಲ ನಮ್ಮ ಈಜುಕೊಳಕ್ಕೆ ಬರ್ತಾರೆ. ಬೇಕಾದ್ರೆ ಇನ್ನೆರಡು ಹಾಕಿ. ಮತ್ತೆ ಆ ಭಾವಮೈದುನನಿಗೆ ಹೇಳಿ, ಬಿಸಿನೀರಿನ ನಲ್ಲಿ ಎಡಗಡೆದು. ಎರಡು ದಿನ ಬಲಗಡೆದೇ ತಿರುಗಿಸಿದಾನೆ.”

ಹನ್ನೊಂದೂಕಾಲಿಗೆ ತೀರದ ಆರೋಗ್ಯ ಕಚೇರಿ. ಒಂದೇ ಕೋಣೆ, ಅಟ್ಟದವರೆಗೆ ಫೈಲು, ಗೋಡೆಗೆ ಕೈ ತೊಳೆಯುವ ವಿಧಾನದ ಚಿತ್ರ. ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ. ಆರೋಗ್ಯಾಧಿಕಾರಿ ಬೋರ್ಡಿನ ಅಚ್ಚಿನ ಪ್ರತಿ ತೆಗೆದು ಮೇಜಿನ ಮೇಲೆ ಹರಡಿದರು.

ಮೊಣಕಾಲಿನಿಂದ ಕೆಳಗೆ ಒಂದು ಬಲಗಾಲು. ಊದಿ, ಕಪ್ಪಿಟ್ಟು, ಬೊಬ್ಬೆಯೆದ್ದು. ಕೊಕ್ಕರೆ ಮುಖ ತಿರುಗಿಸಿದಳು. ಇನ್‌ಸ್ಪೆಕ್ಟರ್ ಬಗ್ಗಿ ನೋಡಿದರು. ಪಾದದ ತುದಿಯಲ್ಲಿ ಎರಡನೇ ಬೆರಳು ಹೆಬ್ಬೆರಳ ಮೇಲೆ ಹತ್ತಿ ಕೂತಿತ್ತು, ಅಣ್ಣನ ಹೆಗಲೇರಿ ಜಾತ್ರೆ ನೋಡುವ ತಮ್ಮನ ಹಾಗೆ. ರೋಗ ಕೊಟ್ಟ ರೂಪವಲ್ಲ ಅದು, ಹುಟ್ಟಿನಿಂದ ಬಂದದ್ದು.

“ಇದು ಯಾರ ಕಾಲು?”

“ಹೋದ ವರ್ಷದ ಕೇಸು ಮೇಡಂ. ಆಸ್ಪತ್ರೆ ಫೈಲಿನ ಫೋಟೊ.”

“ಯಾರನ್ನ ಕೇಳಿ ಹಾಕಿದ್ರಿ?”

“ಆತ ತೀರಿಕೊಂಡಿದ್ದನಲ್ಲ.”

“ಮನೆಯವರನ್ನ?”

“ಮುಖ ತೋರಿಸಿಲ್ವಲ್ಲ ಮೇಡಂ. ಕಾಲಿಗೇನು ಹೆಸರಿರುತ್ತಾ?”

“ಯಾರೂ ಆಕ್ಷೇಪ ಮಾಡಲಿಲ್ವಾ?”

ಆರೋಗ್ಯಾಧಿಕಾರಿ ಕೆಮ್ಮಿದರು. “ಒಬ್ಬಳು ಹೆಂಗಸು ಬರೀತಾನೇ ಇರ್ತಾಳೆ.”

ನಾಲ್ಕು ಪತ್ರಗಳಿದ್ದವು. ಗೆರೆ ಹಾಕಿದ ನೋಟುಪುಸ್ತಕದ ಹಾಳೆ, ಸ್ಪಷ್ಟವಾದ ದುಂಡು ಅಕ್ಷರ. ಬೋರ್ಡಿನಲ್ಲಿರುವುದು ನನ್ನ ಗಂಡನ ಕಾಲು, ಬೆರಳು ನೋಡಿ ಗುರುತು ಹಿಡಿದೆ, ಎಚ್ಚರಿಕೆ ಇರಲಿ, ದಯವಿಟ್ಟು ಚಿತ್ರ ಬದಲಿಸಿ. ಮೊದಲ ಪತ್ರದ ಅಂಚಿನಲ್ಲಿ ‘ಪ್ರಚಾರ ವಿಭಾಗಕ್ಕೆ’ ಎಂದಿತ್ತು. ಎರಡನೆಯದರಲ್ಲಿ ‘ಆಸ್ಪತ್ರೆಗೆ ಸಂಬಂಧಿಸಿದ್ದು’. ಆಸ್ಪತ್ರೆಯವರು ‘ತೀರದ ಕಚೇರಿಗೆ ಸಂಬಂಧಿಸಿದ್ದು’ ಎಂದು ವಾಪಸು ಕಳಿಸಿದ್ದರು. ಮೂರನೆಯದರ ಮೇಲೆ ಯಾರೋ ಲೋಟ ಇಟ್ಟ ಗುರುತು. ಎಲ್ಲದರ ಕೆಳಗೂ ಒಂದೇ ವಿಳಾಸ: ಸೈಕಲ್ ಅಂಗಡಿ, ಅಳಿವೆ ರಸ್ತೆ.

ಕೊಕ್ಕರೆ ಜೇಬಿನಿಂದ ಆ ಕಪ್ಪು ರಬ್ಬರಿನ ಪಟ್ಟಿ ತೆಗೆದು ಪತ್ರದ ಪಕ್ಕ ಇಟ್ಟಳು.

“ಆ ಕೈಬರಹದ ಬೋರ್ಡು ಎಲ್ಲಿ?” ಎಂದರು ಇನ್‌ಸ್ಪೆಕ್ಟರ್.

“ಯಾವ...”

“ಸ್ವಾಮಿ, ನನಗೆ ನಿನ್ನೆಯಿಂದ ತಲೆನೋವು.”

ಉಗ್ರಾಣದಲ್ಲಿ ಪೊರಕೆಗಳ ಹಿಂದೆ ಅದು ಇತ್ತು. ಹಳೆಯ ಬಾಗಿಲಿನ ಹಲಗೆ. ಸೈಕಲ್ಲಿಗೆ ಹೊಡೆಯುವ ಬಿಳಿ ಬಣ್ಣ, ಮೇಲೆ ಕೆಂಪಿನಲ್ಲಿ ಅದೇ ದುಂಡು ಅಕ್ಷರ. ಇನ್‌ಸ್ಪೆಕ್ಟರ್ ಅದನ್ನು ಬೆಳಕಿಗೆ ತಿರುಗಿಸಿದರು.

‘ಗಾಯ ಇದ್ದವರು ಈ ನೀರಿಗೆ ಇಳಿಯಬೇಡಿ. ಚಪ್ಪಲಿ ಕಚ್ಚಿದ ಗಾಯವೂ ಗಾಯವೇ. ಇಳಿದ ಮೇಲೆ ಕಾಲು ಊದಿದರೆ ಬೆಳಗಾಗಲಿ ಎಂದು ಕಾಯಬೇಡಿ. ನಾವು ಕಾದಿದ್ದೆವು.’

ಶಾಸನ ಸದರಿ ಎನ್ನದೆ ಅಕ್ಷರಕ್ಕೆ ಅಕ್ಷರ ಬರೆದುಕೊಂಡ.

“ಇದನ್ನ ಯಾಕೆ ಕಿತ್ತಿರಿ?” ಇನ್‌ಸ್ಪೆಕ್ಟರ್ ಧ್ವನಿ ತಗ್ಗಿತ್ತು. ಆ ಧ್ವನಿ ಕೇಳಿದ ಕೊಕ್ಕರೆ ಬಾಗಿಲ ಕಡೆ ಸರಿದಳು.

“ಅನುಮತಿ ಸಂಖ್ಯೆ ಇರಲಿಲ್ಲ ಮೇಡಂ. ಅನಧಿಕೃತ ಫಲಕ. ಸುತ್ತೋಲೆ ಇದೆ.”

“ಶನಿವಾರ ಸಂಜೆ ಐದೂವರೆಗೆ ಆ ಡ್ರೈವರು ಅಂಗಿ ಬಿಚ್ಚಿ ಕಂಬಕ್ಕೆ ತೂಗುಹಾಕಿದಾಗ ಇದು ಎಲ್ಲಿತ್ತು?”

“ಇಲ್ಲೇ ಇತ್ತು. ಸುರಕ್ಷಿತವಾಗಿತ್ತು.”

ಹಲಗೆಯನ್ನು ಜಪ್ತಿ ಮಾಡಿ, ಪತ್ರಗಳನ್ನು ತೆಗೆದುಕೊಂಡು ಹೊರಟರು. ಜೀಪಿನಲ್ಲಿ ಇನ್‌ಸ್ಪೆಕ್ಟರ್ ಆ ಕಚೇರಿಯನ್ನು, ಅದರ ಸುತ್ತೋಲೆಯನ್ನು, ಸುತ್ತೋಲೆ ಬರೆದವರನ್ನು, ಬರೆದವರಿಗೆ ಅಕ್ಷರ ಕಲಿಸಿದವರನ್ನು ಬಾಯಿತುಂಬ ಬೈದರು. ನಾಲ್ಕನೇ ಪತ್ರದ ಕೊನೆಯ ಸಾಲು ಕಣ್ಣಿಗೆ ಬಿದ್ದಾಗ ಬೈಗುಳ ಅರ್ಧಕ್ಕೇ ನಿಂತಿತು. ‘ಪ್ರತಿ: ಪೊಲೀಸ್ ಠಾಣೆ.’

ಠಾಣೆಗೆ ಬಂದು ಶಾಸನ ಅರ್ಜಿಗಳ ಕಟ್ಟು ಬಿಚ್ಚಿದ. ಹುಡುಕಲು ಹತ್ತು ನಿಮಿಷ ಹಿಡಿಯಿತು. ಸಿಕ್ಕಮೇಲೆ ಅವನು ಅದನ್ನು ಮಗುಚಿ ಮೇಜಿನ ಮೇಲಿಟ್ಟು, ಚಹಾ ತರಿಸುವ ನೆಪದಲ್ಲಿ ಹೊರಗೆ ಹೋದ.

ಇನ್‌ಸ್ಪೆಕ್ಟರ್ ಮಗುಚಿ ನೋಡಿದರು. ಅದೇ ದುಂಡು ಅಕ್ಷರ. ಅಂಚಿನಲ್ಲಿ ನೀಲಿ ಶಾಯಿ: ‘ಸಿವಿಲ್ ಸ್ವರೂಪದ್ದು. ಮುಕ್ತಾಯ.’ ಕೆಳಗೆ ತಮ್ಮದೇ ಸಹಿ. ತಾರೀಕು ಮೊದಲ ಬೋರ್ಡು ಕಳುವಾಗುವ ಒಂಬತ್ತು ದಿನ ಮೊದಲಿನದು. ಎಷ್ಟು ನೆನೆದರೂ ಓದಿದ ನೆನಪು ಬರಲಿಲ್ಲ. ಸಹಿಯ ಬಾಲ ಮಾತ್ರ ಬಹಳ ಚೆಂದವಾಗಿ ಸುತ್ತಿಕೊಂಡಿತ್ತು.

ಬುಧವಾರ, ಆರನೇ ತಾರೀಕು, ಬೆಳಿಗ್ಗೆ ಹತ್ತು ನಲವತ್ತು. ಅಳಿವೆ ರಸ್ತೆಯ ಸೈಕಲ್ ಅಂಗಡಿ. ಹೊರಗೆ ಪ್ರವಾಸಿಗರಿಗೆ ಬಾಡಿಗೆಗಿಟ್ಟ ಆರು ಸೈಕಲ್ಲು, ಒಳಗೆ ಗ್ರೀಸಿನ ವಾಸನೆ. ಚಕ್ರ ಬಿಚ್ಚಿದ ಸೈಕಲ್ಲೊಂದು ತಲೆಕೆಳಗಾಗಿ ನಿಂತಿತ್ತು. ನಲವತ್ತರ ಹೆಂಗಸೊಬ್ಬಳು ಇನ್ನೊಂದು ಚಕ್ರದ ನಟ್ಟು ಬಿಚ್ಚಿದಳು. ಚಕ್ರ ಎತ್ತಿ ತೆಗೆದಿಟ್ಟಳು. ನೋಡದೆಯೇ, ವಾಷರ್ ಪೋಣಿಸಿ, ಅದೇ ನಟ್ಟನ್ನು ಅದೇ ಅಚ್ಚಿಗೆ ಎರಡು ಸುತ್ತು ತಿರುವಿಟ್ಟಳು. ಉಸಿರಾಡಿದ ಹಾಗೆ. ಕೊಕ್ಕರೆ ಇನ್‌ಸ್ಪೆಕ್ಟರ್ ಮುಖ ನೋಡಿದಳು.

“ಸೈಕಲ್ ಬೇಕಿತ್ತಾ ಮೇಡಂ?”

“ಬೋರ್ಡು ಬೇಕಿತ್ತಮ್ಮ.”

ಅವಳು ಕೈಯನ್ನು ಬಟ್ಟೆಗೆ ಒರೆಸಿಕೊಂಡಳು, ಬೆರಳು ಬೆರಳಾಗಿ. “ಮೂರೂ ಒಳಗಿವೆ. ಗೋಡೆ ಕಡೆ ಮುಖ ಮಾಡಿಟ್ಟಿದೀನಿ.”

ಹಿಂದಿನ ಕೋಣೆಯಲ್ಲಿ ಅಗಲವಾದ ಮಂಚ. ಮಂಚದ ಆಚೆ, ಗೋಡೆಗೆ ಒರಗಿ, ಹೂವಿನ ಚಿತ್ರದ ಹಾಸು ಹೊದ್ದ ಮೂರು ತಗಡು. ಹೊಸ್ತಿಲ ಬಳಿ ಹುಡುಗಿಯೊಬ್ಬಳ ಶಾಲೆಯ ಬೂಟು, ಒಳಗೆ ತುರುಕಿದ ಕಾಲುಚೀಲ.

“ಎಲ್ಲಾ ನೀವೊಬ್ಬರೇ?”

“ಒಬ್ಬಳೇ. ಸ್ಪ್ಯಾನರು ಇವರದ್ದು. ಗಾಡಿ ಸೈಕಲ್ ಮೇಲೆ ಹೇರ್ಕೊಂಡು ಬಂದೆ.”

“ಯಾಕೆ?”

ಅವಳು ಮಂಚದ ತುದಿಯಲ್ಲಿ ಕೂತಳು. “ಆಸ್ಪತ್ರೇಲಿ ಕಾಲು ತೆಗೆದ್ರು ಮೇಡಂ. ಮಾರನೇ ದಿನ ಇವರು ಹೋದ್ರು. ದೇಹ ಕೊಡೋವಾಗ ಕಾಲೆಲ್ಲಿ ಅಂತ ಕೇಳ್ದೆ. ವಿಲೇವಾರಿ ಆಯ್ತು ಅಂದ್ರು. ಸರಿ, ಕಾನೂನಿರಬೇಕು ಅಂದ್ಕೊಂಡು ಸುಮ್ಮನಾದೆ. ಐದು ತಿಂಗಳಾದ ಮೇಲೆ ಒಂದಿನ ಆ ಕಡೆ ಹೋದ್ರೆ ಅಳಿವೇಲಿ ನಿಂತಿತ್ತು.”

ಶಾಸನ ಬರೆಯುತ್ತಿದ್ದ.

“ಹದಿನೆಂಟು ವರ್ಷ ಆ ಕಾಲು ನನ್ನ ಕಾಲ ಪಕ್ಕ ಮಲಗಿತ್ತು. ನನಗೆ ಗೊತ್ತಾಗಲ್ವಾ? ಆ ಬೆರಳು ನೋಡಿ ಮದುವೇಲಿ ನಗಾಡಿದ್ದೆ. ಈಗ ಯಾರ್ಯಾರೋ ನಗ್ತಾರೆ. ಮಗಳು ಶಾಲೆಗೆ ಅದೇ ದಾರೀಲಿ ಹೋಗ್ಬೇಕು. ಅವಳಿಗೂ ಅದೇ ಬೆರಳು, ಅಪ್ಪನ ಹಾಗೇ. ಒಂದಿನ ಬಂದವಳು ಚಪ್ಪಲಿ ಮೂಲೆಗೆಸೆದ್ಲು. ಆವತ್ತಿಂದ ಮನೇಲೂ ಕಾಲುಚೀಲ ಬಿಚ್ಚಲ್ಲ ಮೇಡಂ, ಮಲಗೋವಾಗ್ಲೂ.”

“ಎಚ್ಚರಿಕೆ ಬೋರ್ಡು ಅದು. ತೆಗೆದ್ರೆ ಇನ್ನೊಬ್ಬರಿಗೆ ಏನಾಗುತ್ತೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

“ಗೊತ್ತು. ಮೊದಲೆರಡು ಸಲ ತೆಗೆದಾಗ, ಅವರು ಮತ್ತೆ ಹಾಕೋವರೆಗೂ ಅಂಗಡಿಗೆ ಬಂದ ಗಿರಾಕಿಗೆಲ್ಲ ನಾನೇ ಹೇಳ್ತಿದ್ದೆ, ನೀರಿಗಿಳೀಬೇಡಿ ಅಂತ. ಎಷ್ಟು ಜನಕ್ಕೆ ಹೇಳಲಿ? ಅದಕ್ಕೇ ಮೂರನೇ ಸಲ ಬರೆದು ಕಟ್ಟಿ ಬಂದೆ.”

“ಅದನ್ನ ಶುಕ್ರವಾರ ಕಿತ್ತರು.”

“ನೋಡ್ದೆ. ಹೊಸದು ಹಾಕೋಕೆ ಕಿತ್ತಿರಬೇಕು ಅಂದ್ಕೊಂಡೆ. ಮೊದಲೆಲ್ಲ ಎರಡೇ ದಿನಕ್ಕೆ ಹಾಕ್ತಿದ್ರು.”

“ಈ ಸಲ ಹಾಕಲಿಲ್ಲ. ನೀವು ಇನ್ನೊಂದು ಕಟ್ಟಬಹುದಿತ್ತು.”

ಅವಳು ತನ್ನ ಅಂಗೈ ನೋಡಿಕೊಂಡಳು. “ಕಟ್ಟಬಹುದಿತ್ತು,” ಎಂದಳು. ಆಮೇಲೆ ಕೇಳಿದಳು, “ಊರೆಲ್ಲ ಹೇಳ್ತಿದೆ, ಆ ಡ್ರೈವರು ಬದುಕ್ತಾರಾ?”

“ಬದುಕ್ತಾರೆ. ಕಾಲು ಹೋಯ್ತು. ಬಲಗಾಲು.”

“ಇವರದ್ದೂ ಬಲಗಾಲೇ.” ಅವಳು ಎದ್ದಳು. “ಅಂಗಡಿ ಬೀಗ ಹಾಕ್ಕೊಂಡು ಬರ್ಲಾ? ಮಗಳು ಮೂರೂವರೆಗೆ ಬರ್ತಾಳೆ, ಅಷ್ಟೊತ್ತಿಗೆ ಬಿಡ್ತೀರಾ?”

ಹನ್ನೊಂದು ಐವತ್ತಕ್ಕೆ ಬಂಧನ. ಕೊಕ್ಕರೆ ಅವಳ ತೋಳು ಹಿಡಿಯಬೇಕಾದಲ್ಲಿ ಅವಳ ಚೀಲ ಹಿಡಿದುಕೊಂಡು ಜೀಪಿನವರೆಗೆ ನಡೆದಳು. ಠಾಣಾ ಜಾಮೀನಿನ ಕಾಗದವನ್ನು ಮೂರು ಗಂಟೆಯ ಒಳಗೆ ಮುಗಿಸಬೇಕೆಂದು ಇನ್‌ಸ್ಪೆಕ್ಟರ್ ಅಪ್ಪಣೆ ಮಾಡಿದರು. ಹಾಳೆ ಎಂಟಲ್ಲ, ಎರಡೇ, ಎಂದೂ ಸೇರಿಸಿದರು. ಮೂರೂ ಹತ್ತಕ್ಕೆ ಅವಳು ಮನೆ ಕಡೆ ಹೊರಟಳು.

ದಾಖಲೆಗಳ ಪಟ್ಟಿಯಲ್ಲಿ ಶುಕ್ರವಾರ ಫಲಕ ತೆಗೆದ ಆರೋಗ್ಯಾಧಿಕಾರಿಯ ಹೇಳಿಕೆ ಆರನೆಯದು. ಏಳನೆಯದಾಗಿ ಇನ್‌ಸ್ಪೆಕ್ಟರ್ ನೀಲಿ ಶಾಯಿಯ ಆ ಅರ್ಜಿಯನ್ನು ಸೇರಿಸಿದರು.

“ಮೇಡಂ, ಇದು ಬೇಕಾ?” ಎಂದ ಶಾಸನ.

“ಬೇಕು. ಸಹಿ ಚೆನ್ನಾಗಿದೆ.”

ನಾಳೆ ರಜೆ. ಆಗಲೇ ರಸ್ತೆಯಲ್ಲಿ ಬಸ್ಸುಗಳು ಸಾಲುಗಟ್ಟಿದ್ದವು. ನಾಲ್ಕು ಗಂಟೆಗೆ ಜೀಪು ಅಳಿವೆಗೆ ಹೋಯಿತು. ಕೊಕ್ಕರೆ ಹಲಗೆಯನ್ನು ಎರಡು ಕಂಬಕ್ಕೆ ಹೊಸ ಟ್ಯೂಬಿನ ಪಟ್ಟಿಯಿಂದ ಬಿಗಿದಳು. ಪಟ್ಟಿಗಳನ್ನು ಆರೋಪಿಯೇ ಹೋಗುವಾಗ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟು ಹೋಗಿದ್ದಳು. ಶಾಸನ ಮರಳಿನಲ್ಲಿ ಮಂಡಿಯೂರಿ ಬರೆದ: ‘ಸದರಿ ಜಪ್ತಿ ವಸ್ತುವು ಗಾತ್ರದಲ್ಲಿ ದೊಡ್ಡದಾಗಿದ್ದು ಠಾಣೆಯಲ್ಲಿ ಸ್ಥಳಾವಕಾಶ ಇಲ್ಲದ ಕಾರಣ, ಘಟನಾ ಸ್ಥಳದಲ್ಲಿಯೇ, ಅಕ್ಷರಗಳು ಎಲ್ಲರಿಗೂ ಕಾಣುವಂತೆ, ಮುಂದಿನ ಆದೇಶದವರೆಗೆ ಭದ್ರವಾಗಿ ಇರಿಸಲಾಗಿದೆ.’ ಇಷ್ಟು ಚೆಂದದ ಪಂಚನಾಮೆಯನ್ನು ಅವನು ಇಪ್ಪತ್ತು ವರ್ಷದಲ್ಲಿ ಬರೆದಿರಲಿಲ್ಲ.

ಐದು ನಿಮಿಷದಲ್ಲಿ ಆರೋಗ್ಯಾಧಿಕಾರಿಯ ಫೋನು.

“ಮೇಡಂ, ಅನುಮತಿ ಇಲ್ಲದ ಬೋರ್ಡು ಅದು!”

“ಬೋರ್ಡಲ್ಲ ಸ್ವಾಮಿ, ಸಾಕ್ಷ್ಯ. ಮುಟ್ಟಿದ್ರೆ ಸಾಕ್ಷ್ಯನಾಶ. ಒಳಗೆ ಹಾಕ್ತೀನಿ.”

ಪ್ರವಾಸಿಗರ ಗುಂಪೊಂದು ಬಂದು ನಿಂತಿತು. ಒಬ್ಬ ಗಟ್ಟಿಯಾಗಿ ಓದಿದ, ಕೊನೆಯ ಎರಡು ಪದಕ್ಕೆ ಬಂದಾಗ ಧ್ವನಿ ಇಳಿಸಿದ. ಯಾರೂ ಕಾಲೆತ್ತಿ ಫೋಟೊ ತೆಗೆಸಿಕೊಳ್ಳಲಿಲ್ಲ. ಜೊತೆಗಿದ್ದ ಮುದುಕಿ ಮಂಡಿಯ ಮೇಲಿನ ಸಣ್ಣ ತರಚು ಗಾಯವನ್ನು ಮುಟ್ಟಿ ನೋಡಿಕೊಂಡು, “ನಾನಿಲ್ಲೇ ಕೂತಿರ್ತೀನಿ, ನೀವು ಹೋಗಿಬನ್ನಿ,” ಎಂದು ಮರಳಿನ ಮೇಲೆ ಕೂತಳು.

ಠಾಣೆಗೆ ಮರಳಿ ಕೇಸ್ ಡೈರಿ ಮುಗಿಸುವಾಗ ಒಂದು ಅಂಕಣ ಖಾಲಿ ಉಳಿದಿತ್ತು.

“ಕೃತ್ಯದ ಉದ್ದೇಶ ಏನಂತ ಬರೀಲಿ ಮೇಡಂ? ಲಾಭ ಅನ್ನೋಕಾಗಲ್ಲ. ದ್ವೇಷ ಅನ್ನೋಣ ಅಂದ್ರೆ ಅದೂ ಅಲ್ಲ.”

ಇನ್‌ಸ್ಪೆಕ್ಟರ್ ಅವನ ಕೈಯಿಂದ ಪೆನ್ನು ತೆಗೆದುಕೊಂಡು ತಾವೇ ಬರೆದರು:

‘ಗಂಡನ ಕಾಲನ್ನು ಮನೆಗೆ ತರುವುದು.’

ಕೆಳಗೆ ಸಹಿ ಹಾಕುವ ಮೊದಲು, ಆಕೆ ಅದನ್ನು ಇನ್ನೊಮ್ಮೆ ಪೂರ್ತಿ ಓದಿದರು.